ಹುಳಿಗೆ ಮುಂಚೆ ಒಲೆಗೆ

ಫೆಬ್ರುವರಿಯಲ್ಲಿ ಹೊನ್ನಾವರದ ಕಡೆ ಆಲೆಮನೆ ಹುಡುಕಲು ವಿಳಾಸ ಕೇಳಬೇಕಾಗಿಲ್ಲ. ಭಟ್ಕಳದಿಂದ ಹೆದ್ದಾರಿ 66 ಹಿಡಿದು ಬಂದು, ಶರಾವತಿ ಸೇತುವೆ ದಾಟಿ, ಬಲಕ್ಕೆ ಗೇರುಸೊಪ್ಪೆ ರಸ್ತೆಗೆ ಹೊರಳಿದರೆ ಮುಂದಿನ ದಾರಿಯನ್ನು ಮೂಗೇ ತೋರಿಸುತ್ತದೆ. ಕೊಯ್ಲಾದ ಗದ್ದೆಯಲ್ಲಿ ತೆಂಗಿನ ಗರಿಯ ಚಪ್ಪರ, ಬದಿಗೆ ಕಬ್ಬಿನ ರಾಶಿ, ನಡುವೆ ಡೀಸೆಲ್ ಎಂಜಿನ್ನಿನ ಗಾಣ. ಹಿಂದೆ ಇದನ್ನು ಕೋಣಗಳು ತಿರುಗಿಸುತ್ತಿದ್ದವು. ಈಗ ಕೋಣದ ಗಾಣ ನೋಡಬೇಕೆಂದರೆ ಯಾರಾದರೂ ಆಲೆಮನೆ ಹಬ್ಬ ಮಾಡುವವರೆಗೆ ಕಾಯಬೇಕು.

“ಮೊದ್ಲು ಹಾಲು ಕುಡೀರಿ, ಮಾತು ಆಮೇಲೆ” ಎಂದರು ಒಡೆಯರು. ಕಬ್ಬಿನ ಹಾಲಿಗೆ ಇಲ್ಲಿ ದುಡ್ಡಿಲ್ಲ. ಕೊಡಲು ಹೋದರೆ ಅವರಿಗೇ ಮುಜುಗರ. ಜೊತೆಗೆ ಖಾರದ ಮಂಡಕ್ಕಿ. ಅದಿಲ್ಲದೆ ಎರಡನೆಯ ಲೋಟ ಇಳಿಯುವುದಿಲ್ಲ.

ಗಾಣ ಒಬ್ಬರದು, ಕಬ್ಬು ಹಲವರದು. ಸರದಿಯಂತೆ ಒಂದೊಂದು ಮನೆಯವರು ಕಬ್ಬು ತರುತ್ತಾರೆ. ಅರೆಯುವುದಕ್ಕೆ, ಒಲೆಗೆ ಸಿಪ್ಪೆ ತುಂಬುವುದಕ್ಕೆ ಎಲ್ಲರೂ ಕೈ ಹಾಕುತ್ತಾರೆ. ಹೊರದೇಶಗಳಲ್ಲಿ ಗೆಳೆಯರ ಕೂಟ ಸೇರಿ ಒಂದೇ ಹಂಡೆಯಲ್ಲಿ ಲೈಟ್ ಏಲ್ ಎಂಬ ತೆಳು ಬಿಯರ್ ಕಾಸುವ ದಿನವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅಲ್ಲಿ ಮೊಳೆತ ಬಾರ್ಲಿಯನ್ನು ಸುಮಾರು 66 ಡಿಗ್ರಿ ಬಿಸಿನೀರಿನಲ್ಲಿ ನೆನೆಸಿ ಸಿಹಿ ಇಳಿಸಿಕೊಳ್ಳುತ್ತಾರೆ. ಇಲ್ಲಿ ಆ ತಾಪತ್ರಯವಿಲ್ಲ, ಸಿಹಿ ಗಾಣದಿಂದಲೇ ಸುರಿಯುತ್ತದೆ. ಅವರ ರಸದಲ್ಲಿ ನೂರಕ್ಕೆ ಹತ್ತು ಭಾಗ ಸಿಹಿಯಿದ್ದರೆ ಸಾಕು. ಒಳ್ಳೆಯ ಕಬ್ಬಿನ ಹಾಲಿನಲ್ಲಿ ಹದಿನೆಂಟರ ಆಸುಪಾಸು ಇರುತ್ತದೆ. ಅವರು ರಸವನ್ನು ಗಂಟೆಹೊತ್ತು ಕುದಿಸಿ, 20 ಡಿಗ್ರಿಗೆ ತಣಿಸಿ, ಯೀಸ್ಟ್ ಹಾಕಿ ಹುದುಗಲು ಬಿಡುತ್ತಾರೆ. ಆಲೆಮನೆಯವರಿಗೆ ಹುದುಗೇ ಶತ್ರು.

ಕಬ್ಬಿನ ಮೈಮೇಲೆ, ಗಾಳಿಯಲ್ಲಿ, ಗಾಣದ ಸಂದಿಯಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ಕರಾವಳಿಯ ಸೆಖೆಯಲ್ಲಿ ಅರೆದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿವಾಸನೆ ಹಿಡಿಯುತ್ತದೆ, ಹುಳಿ ಬಂದ ಹಾಲಿನ ಬೆಲ್ಲ ಕಟ್ಟಿಕೊಳ್ಳುವುದೂ ಇಲ್ಲ. ಹಾಗಾಗಿ ಬಾನಿ ತುಂಬಿದ ಕೂಡಲೇ ಹಾಲು ಕೊಪ್ಪರಿಗೆಗೆ. ಬೆಚ್ಚಗಾಗುತ್ತಿದ್ದಂತೆ ಚಿಟಿಕೆ ಚಿಟಿಕೆಯಾಗಿ ಸುಣ್ಣ ಬೀಳುತ್ತದೆ. ಹಾಲಿನ ಹುಳಿ ಮುರಿದು, ಕೊಳೆಯೆಲ್ಲ ಕಂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಜಾಲರಿಯಲ್ಲಿ ತೆಗೆದು ತೆಗೆದು ಬದಿಗೆ ಸುರಿಯುತ್ತಾರೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು. ಎಷ್ಟು ಹಾಕುತ್ತೀರಿ ಎಂದು ಕೇಳಿದರೆ ಅಳತೆ ಹೇಳುವವರು ಯಾರೂ ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೊರೆ ಹೊಂಬಣ್ಣಕ್ಕೆ ತಿರುಗಿ ಗುಳ್ಳೆ ದೊಡ್ಡದಾಯಿತು. ಪಾಕ ನೋಡುವ ಅಜ್ಜ ಹುಟ್ಟಿನ ತುದಿಯಿಂದ ಒಂದು ಹನಿ ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹಿಡಿದು ಎಳೆದರು. ಎಳೆ ಅರ್ಧ ಇಂಚು ಬಂದು ತುಂಡಾಯಿತು. “ಇನ್ನೂ ಎಳತು.” ಅಚ್ಚುಬೆಲ್ಲಕ್ಕೆ ಪಾಕ 118 ಡಿಗ್ರಿಯವರೆಗೆ ಏರಬೇಕು, ಇಲ್ಲಿನ ಮನೆಗಳಿಗೆ ಬೇಕಾದ, ಗಟ್ಟಿಯಾಗದೆ ಹರಿಯುವ ಜೋನಿ ಬೆಲ್ಲಕ್ಕೆ 105–106 ಸಾಕು. ಅಜ್ಜನ ಬಳಿ ಥರ್ಮಾಮೀಟರ್ ಇಲ್ಲ, ಇದ್ದರೂ ನಂಬುವ ಜಾತಿಯಲ್ಲ. ಎಳೆಯ ಪಾಕದಲ್ಲೇ ಇಳಿಸಿದರೆ ಮಳೆಗಾಲದಲ್ಲಿ ಬೆಲ್ಲ ಹುಳಿತು ಡಬ್ಬದ ಮುಚ್ಚಳ ಉಬ್ಬುತ್ತದೆ.

ಹುದುಗನ್ನು ಒಲಿಸಿಕೊಂಡವರೂ ಈ ಪಟ್ಟಿಯಲ್ಲೇ ಇದ್ದರು. ಭಟ್ಕಳದಿಂದ ಕುಮಟಾದವರೆಗೆ ಕಳ್ಳು ಇಳಿಸುವುದು ಹಳೇಪೈಕರ ಕುಲಕಸುಬಾಗಿತ್ತು. ಮುಂಬಯಿ ಸರ್ಕಾರದ 1878ರ ಅಬಕಾರಿ ಕಾಯ್ದೆ, ಆಮೇಲೆ 1949ರ ಪಾನನಿಷೇಧ ಕಾಯ್ದೆ ಎರಡೂ ಈ ಜಿಲ್ಲೆಯ ಮೇಲೆ ಹಾದುಹೋದವು, ಏಕೆಂದರೆ 1956ರವರೆಗೆ ಉತ್ತರ ಕನ್ನಡ ಮುಂಬಯಿಗೆ ಸೇರಿತ್ತು. ಈಗಿನದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರಂತೆ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಕಾಸುವುದು ಅಪರಾಧ. ಹೀಗಾಗಿ ಊರೊಟ್ಟಿಗೆ ಹಂಡೆ ಇಡುವ ಖುಷಿ ಇಲ್ಲಿ ಬೆಲ್ಲಕ್ಕೇ ಮೀಸಲು, ಅದರಲ್ಲಿ ನನಗೇನೂ ನಷ್ಟ ಕಾಣಲಿಲ್ಲ.

ಎಳೆ ಉದ್ದವಾಯಿತು. ಕೊಪ್ಪರಿಗೆ ಇಳಿಸುವ ಮುಂಚೆ ಮಕ್ಕಳು ಬಾಳೆಲೆ ಚೂರು ಹಿಡಿದು ಬಿಸಿ ನೊರೆಬೆಲ್ಲಕ್ಕೆ ಮುತ್ತಿಕೊಂಡರು. ಅತ್ತ ಮುಂದಿನ ಸರದಿಯ ಹೆಂಗಸರಿಬ್ಬರು ಬಾನಿಗೆ ಬಿಸಿನೀರು ಹೊಯ್ದು ತಿಕ್ಕತೊಡಗಿದರು. ಹಳೆಯ ಹಾಲು ಒಂದಿಷ್ಟು ಉಳಿದರೂ ಹೊಸದನ್ನು ಬೇಗ ಕೆಡಿಸುತ್ತದೆ; ಈ ಒಂದು ಕೆಲಸವನ್ನು ಹುಡುಗರಿಗೆ ಬಿಡುವುದಿಲ್ಲವಂತೆ.