ಫಿರಂಗಿಗೆ ಕಣ್ಣಾದ ಹಾರುದೋಣಿ

ಯುದ್ಧನೌಕೆಯ ದೊಡ್ಡ ಫಿರಂಗಿ ನಲವತ್ತು ಕಿಲೊಮೀಟರ್ ಆಚೆಗೂ ಗುಂಡು ಎಸೆಯಬಲ್ಲದು. ಅದನ್ನು ಹಾರಿಸುವವರ ಕಣ್ಣು ಮಾತ್ರ ಅಷ್ಟು ದೂರ ಹೋಗುವುದಿಲ್ಲ. ಭೂಮಿ ಗುಂಡಗಿರುವುದರ ತಾಪತ್ರಯ ಇದು. ನೀರಿನಿಂದ 30 ಮೀಟರ್ ಎತ್ತರದ ಅಟ್ಟಣೆಯಲ್ಲಿ ದುರ್ಬೀನು ಹಿಡಿದು ನಿಂತವನಿಗೆ ದಿಗಂತ ಸುಮಾರು 20 ಕಿ.ಮೀ.ಗೇ ಮುಗಿದುಹೋಗುತ್ತದೆ. ಅದರಾಚೆ ಶತ್ರು ಹಡಗಿನ ಕಂಬದ ತುದಿಯೋ ಹೊಗೆಯೋ ಕಂಡೀತು, ಅಷ್ಟೆ. ತಾನು ಹಾರಿಸಿದ ಗುಂಡು ಗುರಿಯ ಈಚೆ ಬಿತ್ತೋ ಆಚೆ ಬಿತ್ತೋ ಎಂಬುದು ತಿಳಿಯುವುದೇ ಇಲ್ಲ. ಅದೇ ಮನುಷ್ಯನನ್ನು ಸಾವಿರ ಮೀಟರ್ ಮೇಲಕ್ಕೆ ಒಯ್ದರೆ ದಿಗಂತ 110 ಕಿ.ಮೀ.ಗೂ ಆಚೆ ಸರಿಯುತ್ತದೆ. ಹಡಗುಗಳಿಗೆ ಇನ್ನೂ ರೇಡಾರ್ ಬಾರದಿದ್ದ 1930ರ ದಶಕದಲ್ಲಿ ದೊಡ್ಡ ನೌಕಾಪಡೆಗಳೆಲ್ಲ ತಮ್ಮ ಹಡಗುಗಳ ಬೆನ್ನ ಮೇಲೆ ಒಂದೆರಡು ವಿಮಾನ ಸಾಕಿಕೊಂಡದ್ದು ಈ ಲೆಕ್ಕದಿಂದಲೇ.

ಫ್ರೆಂಚರು ಹಾಗೆ ಸಾಕಿಕೊಂಡವುಗಳಲ್ಲಿ ಹೆಚ್ಚು ದುಡಿದದ್ದು ಲ್ವಾರ್ 130. ಹಡಗು ಕಟ್ಟುವ ಊರಾದ ಸ್ಯಾಂ ನಜೇರ್‌ನ ಲ್ವಾರ್ ಕಂಪನಿ ಇದನ್ನು ರೂಪಿಸಿತು. ಮಾದರಿ ವಿಮಾನ ಮೊದಲು ಹಾರಿದ್ದು 1934ರ ನವೆಂಬರ್‌ನಲ್ಲಿ. ಮುಂದೆ ನೂರಕ್ಕೂ ಹೆಚ್ಚು ತಯಾರಾದವು. ನೋಡಲು ಚೆಂದದ ವಿಮಾನವೇನಲ್ಲ. ಕೆಳಗೆ ದೋಣಿಯಂಥ ಲೋಹದ ಒಡಲು, ಅದರ ಮೇಲೆ ಕಂಬಿಗಳ ಕಾಡು, ಎತ್ತರದಲ್ಲಿ 16 ಮೀಟರ್ ಅಗಲದ ರೆಕ್ಕೆ, ರೆಕ್ಕೆಗಳಡಿ ಒಂದೊಂದು ಪುಟ್ಟ ತೇಲುಬುಂಡೆ. 720 ಅಶ್ವಶಕ್ತಿಯ ಹಿಸ್ಪಾನೊ-ಸುಯಿಜಾ ಎಂಜಿನ್ ಹಿಂದುಮುಂದಾಗಿ ಕೂತಿದೆ, ಪ್ರೊಪೆಲರ್ ಇರುವುದು ಅದರ ಹಿಂಬದಿಗೆ. ಇಷ್ಟೆಲ್ಲ ಹೊತ್ತ ವಿಮಾನದ ಗರಿಷ್ಠ ವೇಗ ಗಂಟೆಗೆ ಸುಮಾರು 220 ಕಿ.ಮೀ. ಅದೇ ಕಾಲದ ಫೈಟರ್ ವಿಮಾನಗಳು ಇದರ ಎರಡು ಪಟ್ಟು ವೇಗದಲ್ಲಿ ಹಾರುತ್ತಿದ್ದವು. ಆದರೆ ಇದನ್ನು ರೂಪಿಸಿದವರು ಗಾಳಿಗಿಂತ ಹೆಚ್ಚಾಗಿ ಹಡಗಿನ ಮಾತು ಕೇಳಬೇಕಿತ್ತು. ಹಡಗಿನ ಗೂಡಿನಲ್ಲಿ ಹಿಡಿಸಬೇಕು, ಅದಕ್ಕೆಂದೇ ರೆಕ್ಕೆ ಹಿಂದಕ್ಕೆ ಮಡಚಬೇಕು. ಹಡಗಿನಿಂದ ವಿಮಾನವನ್ನು ಎಸೆಯುವ ಕವಣೆಯ ಏಟು ತಾಳಬೇಕು. ಅಲೆಯ ಮೇಲೆ ಇಳಿಯಬೇಕು. ಕೊನೆಗೆ ಕ್ರೇನಿಗೆ ಜೋತುಬೀಳಬೇಕು. ಇಂಥ ಷರತ್ತುಗಳನ್ನೆಲ್ಲ ಪೂರೈಸಿದ ಮೇಲೆ ಉಳಿದದ್ದಷ್ಟೇ ವೇಗ.

ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಎರಡು ಜಾತಿ. ಮಾಮೂಲಿ ವಿಮಾನಕ್ಕೆ ಚಕ್ರದ ಬದಲು ತೇಲುಕಾಲು ಜೋಡಿಸಿದ್ದು ಒಂದು. ವಿಮಾನದ ಹೊಟ್ಟೆಯನ್ನೇ ದೋಣಿಯಾಗಿಸಿದ್ದು ಇನ್ನೊಂದು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದ ಕ್ಯಾಟಲಿನಾಗಳು ಈ ಎರಡನೇ ಜಾತಿಯವು. ಲ್ವಾರ್ ಕೂಡ ಅದೇ ಕುಲದ್ದು, ಗಾತ್ರದಲ್ಲಿ ಮಾತ್ರ ಬಲು ಚಿಕ್ಕದು.

ಈ ದೋಣಿಹೊಟ್ಟೆಯ ಅಡಿಯಲ್ಲಿ, ನಡುಭಾಗದಿಂದ ತುಸು ಹಿಂದೆ, ಅಡ್ಡಲಾಗಿ ಒಂದು ಮೆಟ್ಟಿಲು ಇರುತ್ತದೆ. ಅಲ್ಲಿಂದ ಹಿಂದಕ್ಕೆ ತಳ ಥಟ್ಟನೆ ಮೇಲಕ್ಕೆ ಸರಿದಿರುತ್ತದೆ. ಯಾವ ಮಾಮೂಲಿ ದೋಣಿಗೂ ಇಲ್ಲದ ಈ ಮೆಟ್ಟಿಲು ಇಲ್ಲೇಕೆ? ಅಡುಗೆಮನೆಯ ನಲ್ಲಿ ಬಿಟ್ಟು, ಚಮಚದ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ಮೆಲ್ಲಗೆ ಸೋಕಿಸಿ ನೋಡಿ. ನೀರು ಚಮಚವನ್ನು ದೂರ ತಳ್ಳುವುದಿಲ್ಲ, ತನ್ನತ್ತ ಎಳೆದುಕೊಳ್ಳುತ್ತದೆ. ಬಾಗಿದ ಮೈಗೆ ಅಂಟಿಕೊಂಡು ಹರಿಯುವ ನೀರಿನ ಗುಣವೇ ಅದು. ವಿಮಾನದ ಒಡಲಿನ ಹಿಂಭಾಗ ಬಾಲದ ಕಡೆಗೆ ಮೇಲೆ ಬಾಗಿರುತ್ತದಲ್ಲ, ವೇಗ ಹೆಚ್ಚಿದಂತೆ ಅಲ್ಲಿಯೂ ಇದೇ ಎಳೆತ ಶುರುವಾಗುತ್ತದೆ. ಎಂಜಿನ್ ಎಷ್ಟೇ ಅರಚಿದರೂ ವಿಮಾನ ನೀರು ಬಿಟ್ಟು ಏಳುವುದಿಲ್ಲ. ಮೆಟ್ಟಿಲು ಈ ಅಂಟನ್ನು ಕತ್ತರಿಸುತ್ತದೆ. ಅದರ ಅಂಚಿಗೆ ಬಂದ ನೀರು ಮೂಲೆ ತಿರುಗಲಾರದೆ ಒಡಲಿನಿಂದ ಕಳಚಿಕೊಳ್ಳುತ್ತದೆ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಆಗ ವಿಮಾನ ಮೆಟ್ಟಿಲಿನ ಮುಂದಿನ ಚಿಕ್ಕ ಪಟ್ಟಿಯ ಮೇಲಷ್ಟೇ ನೀರನ್ನು ಸವರಿಕೊಂಡು ಓಡಿ ಮೇಲೇಳುತ್ತದೆ.

ಪ್ರೊಪೆಲರ್ ಅಷ್ಟು ಎತ್ತರದಲ್ಲಿ, ಅದೂ ಹಿಂದುಗಡೆ ಇರುವುದಕ್ಕೂ ನೀರೇ ಕಾರಣ. ಓಟದಲ್ಲಿ ಮೂಗಿನಿಂದ ಸಿಡಿಯುವ ಉಪ್ಪುನೀರಿನ ಹನಿಗಳು ಆ ವೇಗದಲ್ಲಿ ಪ್ರೊಪೆಲರ್ ಅಲಗನ್ನು ಕೊರೆದುಹಾಕುತ್ತವೆ. ಎಂಜಿನ್ ಮೇಲೇರಿಸಿದ್ದಕ್ಕೆ ತೆರಬೇಕಾದ ಬೆಲೆಯೂ ಉಂಟು. ನೂಕುವ ಬಲ ವಿಮಾನದ ತೂಕದ ಕೇಂದ್ರಕ್ಕಿಂತ ಮೇಲಿದ್ದರೆ, ಥ್ರಾಟಲ್ ಒತ್ತಿದಾಗಲೆಲ್ಲ ಮೂಗು ಕೆಳಗೆ ಬಾಗಲು ನೋಡುತ್ತದೆ. ಬ್ರಿಟಿಷರ ವಾಲ್ರಸ್ ವಿಮಾನವೂ ಇದೇ ಜೋಡಣೆಯದು. ಒಂದೇ ಕೆಲಸ ಕೊಟ್ಟರೆ ಎಂಜಿನಿಯರುಗಳು ಒಂದೇ ಉತ್ತರಕ್ಕೆ ಬರುವುದು ಹೊಸದಲ್ಲ.

ಹಡಗಿನಿಂದ ಹೊರಡುವುದಕ್ಕೆ ಸಮುದ್ರದ ಹಂಗಿಲ್ಲ. ಅಲ್ಲಿ ಕವಣೆ ಇದೆ. ಅದುಮಿಟ್ಟ ಗಾಳಿಯ ಬಲದಿಂದ ವಿಮಾನವನ್ನು ಗಾಡಿ ಸಮೇತ ಹಳಿಯ ಮೇಲೆ ಎಸೆಯುವ ಯಂತ್ರ. ಇಪ್ಪತ್ತು ಮೀಟರ್ ಹಳಿಯಲ್ಲಿ ಗಂಟೆಗೆ 100 ಕಿ.ಮೀ. ವೇಗ ಗಳಿಸಬೇಕು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಇಡೀ ಪ್ರಯಾಣ ಒಂದೂವರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಅಷ್ಟೂ ಹೊತ್ತು ಪೈಲಟ್‌ನ ಬೆನ್ನಿನ ಮೇಲೆ ಅವನದೇ ತೂಕದ ಸುಮಾರು ಎರಡರಷ್ಟು ಒತ್ತಡ. ತಲೆಯನ್ನು ಸೀಟಿಗೆ ಆನಿಸಿಟ್ಟುಕೊಳ್ಳದಿದ್ದರೆ ಕುತ್ತಿಗೆಗೆ ಪೆಟ್ಟು ಖಂಡಿತ. ಡಂಕರ್ಕ್ ಮತ್ತು ಸ್ಟ್ರಾಸ್‌ಬರ್ಗ್ ಎಂಬ ಜೋಡಿ ಯುದ್ಧನೌಕೆಗಳಲ್ಲಿ ಎಂಟೂ 330 ಮಿ.ಮೀ. ಫಿರಂಗಿಗಳನ್ನು ಮುಂಭಾಗದಲ್ಲೇ ಇಟ್ಟಿದ್ದರಿಂದ ಹಿಂಭಾಗ ವಿಮಾನಕ್ಕೆ ಬಿಡುವಾಗಿತ್ತು. ಗೂಡು, ಕವಣೆ, ಕ್ರೇನು ಮೂರೂ ಅಲ್ಲೇ.

ವಾಪಸು ಬರುವುದೇ ಪಡಿಪಾಟಲು. ಹಡಗು ಅಡ್ಡ ತಿರುಗಿ ತನ್ನ ಮರೆಯಲ್ಲಿ ಅಲೆ ತಗ್ಗಿದ ಒಂದಿಷ್ಟು ಜಾಗ ಮಾಡಿಕೊಡಬೇಕು. ವಿಮಾನ ಅಲ್ಲಿಳಿದು, ಹಡಗಿನ ಪಕ್ಕಕ್ಕೆ ಬಂದು, ಹೆಚ್ಚು ಹತ್ತಿರವೂ ಹೋಗದೆ ಹಿಂದೆಯೂ ಬೀಳದೆ ತೇಲುತ್ತಿರಬೇಕು. ಮೂವರು ಸಿಬ್ಬಂದಿಯಲ್ಲಿ ಒಬ್ಬ ಒದ್ದೆ ಮೈಯ ಮೇಲೆ ಹತ್ತಿ, ಹೊಯ್ದಾಡುತ್ತಿರುವ ಕ್ರೇನಿನ ಕೊಕ್ಕೆ ಹಿಡಿದು ಸಿಕ್ಕಿಸಬೇಕು. ಶತ್ರು ಜಲಾಂತರ್ಗಾಮಿ ಹತ್ತಿರವಿದೆ ಎಂಬ ಗುಮಾನಿಯಿದ್ದರೆ ಯಾವ ಕಪ್ತಾನನೂ ಇದಕ್ಕಾಗಿ ವೇಗ ತಗ್ಗಿಸಲು ಒಪ್ಪುತ್ತಿರಲಿಲ್ಲ. ಆಗ ವಿಮಾನ ತೀರದ ನೆಲೆಯೊಂದನ್ನು ಹುಡುಕಿಕೊಳ್ಳಬೇಕು.

1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾದ ಮೇಲೆ ಈ ವಿಮಾನಗಳು ಆಫ್ರಿಕಾ, ಏಷ್ಯಾದ ವಸಾಹತುಗಳಲ್ಲಿ ಚದುರಿ ಉಳಿದವು. ಬಿಸಿಲ ಸೀಮೆಗೆಂದೇ ತುಸು ಬದಲಾಯಿಸಿದ 130ಸಿ ಎಂಬ ಮಾದರಿಯೂ ಇತ್ತು. ಇವುಗಳ ಕೆಲಸದ ಗುಣದೋಷಗಳೆರಡೂ ಒಂದೇ ಬೆಳಗಿನಲ್ಲಿ ಬಯಲಾದದ್ದು ಥಾಯ್ಲೆಂಡ್ ಕೊಲ್ಲಿಯ ಕೋ ಚಾಂಗ್ ದ್ವೀಪದ ಬಳಿ. ಥಾಯ್ಲೆಂಡಿಗೂ ಫ್ರೆಂಚ್ ಇಂಡೊಚೀನಾಕ್ಕೂ ಗಡಿಯುದ್ಧ ನಡೆದಿತ್ತು. ಇಂದಿನ ಕಾಂಬೋಡಿಯಾದ ರೀಮ್‌ನಲ್ಲಿ ನೆಲೆಯಿದ್ದ ಲ್ವಾರ್‌ಗಳು ಕರಾವಳಿಯುದ್ದಕ್ಕೂ ಹಾರಾಡಿ ಥಾಯ್ ನೌಕೆಗಳ ಜಾಡು ಹಿಡಿದವು. ಅದನ್ನು ನಂಬಿ ಕ್ಯಾಪ್ಟನ್ ಬೆರಾಂಜೆ ತನ್ನ ಲಾಮೋತ್-ಪಿಕೆ ಕ್ರೂಸರ್ ಮತ್ತು ನಾಲ್ಕು ಸಣ್ಣ ಹಡಗುಗಳೊಂದಿಗೆ ಕತ್ತಲಲ್ಲಿ ಸಾಗಿಬಂದ. 1941ರ ಜನವರಿ 17ರ ಬೆಳಿಗ್ಗೆ ಆರು ಗಂಟೆ ದಾಟುತ್ತಿದ್ದಂತೆ ಒಂದು ಲ್ವಾರ್ ಲಂಗರುದಾಣದ ಮೇಲೆ ಹಾದುಹೋಯಿತು. ಅಲ್ಲೊಂದು ಅಚ್ಚರಿ ಕಾದಿತ್ತು: ಒಂದೇ ಟಾರ್ಪಿಡೊ ನೌಕೆ ಇದೆಯೆಂದು ಹಿಂದಿನ ವರದಿ, ರಾತ್ರಿಯ ಹೊತ್ತಿಗೆ ಇನ್ನೊಂದು ಬಂದು ಸೇರಿತ್ತು. ಈ ಸುದ್ದಿ ಫ್ರೆಂಚರಿಗೆ ಬಲು ಬೆಲೆಯದ್ದು.

ವಿಮಾನಗಳು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಬಾಂಬು ಹಾಕಲು ನುಗ್ಗಿದವು. ಲ್ವಾರ್ ಹೊರಬಲ್ಲದ್ದು 75 ಕಿಲೊ ತೂಕದ ಎರಡು ಬಾಂಬು ಮಾತ್ರ. ಕೆಳಗಿನಿಂದ ವಿಮಾನನಿರೋಧಕ ಗುಂಡಿನ ಸುರಿಮಳೆ ಎದ್ದು ಅವು ಹಿಂದೆ ಸರಿಯಬೇಕಾಯಿತು. ಹಡಗುಗಳು ಹೊಡೆಯಲು ಇನ್ನೂ ಅರ್ಧ ಗಂಟೆ ಬಾಕಿ ಇರುವಾಗಲೇ ಥಾಯ್ ನಾವಿಕರೆಲ್ಲ ಎಚ್ಚೆತ್ತಿದ್ದರು. ನೋಡಲು ಹೋದವನು ಕಾಣಿಸಿಕೊಳ್ಳಲೇಬೇಕು, ವಿಮಾನವೆಂಬ ಕಣ್ಣಿನ ಹುಟ್ಟುದೋಷವೇ ಇದು. ಅದರ ಮೇಲೆ ಬಾಂಬಿನ ಆಸೆ ಬೇರೆ. ಕದನವನ್ನು ಫ್ರೆಂಚರೇ ಗೆದ್ದರು. ಎರಡೂ ಟಾರ್ಪಿಡೊ ನೌಕೆಗಳು ಮುಳುಗಿದವು, ಥೊನ್‌ಬುರಿ ಎಂಬ ದೊಡ್ಡ ಹಡಗು ಹೊತ್ತಿ ಉರಿದು ಆಳವಿಲ್ಲದ ನೀರಿನಲ್ಲಿ ಮಗುಚಿತು. ಆದರೆ ಕೆಲವೇ ತಿಂಗಳಲ್ಲಿ ಜಪಾನು ಮಧ್ಯೆ ಬಂದು, ಥಾಯ್ಲೆಂಡ್ ಕೇಳಿದ್ದ ನೆಲದಲ್ಲಿ ಬಹುಪಾಲನ್ನು ಅದಕ್ಕೇ ಕೊಡಿಸಿತು.

ಕಾಣಿಸಿಕೊಳ್ಳದೆ ನೋಡುವ ಸಾಧನ ಅಷ್ಟರಲ್ಲಾಗಲೇ ಹಡಗು ಹತ್ತುತ್ತಿತ್ತು. ರೇಡಾರ್‌ಗೆ ಕತ್ತಲಿಲ್ಲ, ಮಂಜಿಲ್ಲ, ಕ್ರೇನಿನ ಕೊಕ್ಕೆಯ ಹಂಗಿಲ್ಲ. ಮೇಲಾಗಿ, ಹಡಗಿನ ಬೆನ್ನ ಮೇಲೆ ಪೆಟ್ರೋಲು ತುಂಬಿದ ವಿಮಾನವಿದ್ದರೆ ಶತ್ರುವಿನ ಒಂದು ಕಿಡಿಗೆ ಬೆಂಕಿ ಹತ್ತುವ ಭಯ. ಫ್ರಾನ್ಸಿನ ಹೊಸ ಯುದ್ಧನೌಕೆ ರಿಶೆಲ್ಯೂ 1943ರಲ್ಲಿ ರಿಪೇರಿಗೆಂದು ನ್ಯೂಯಾರ್ಕಿಗೆ ಹೋದಾಗ ಅದರ ಕವಣೆ, ವಿಮಾನದ ಗೂಡು ಎಲ್ಲವನ್ನೂ ಕಿತ್ತು ಆ ಜಾಗದಲ್ಲಿ ವಿಮಾನನಿರೋಧಕ ತೋಪುಗಳನ್ನು ಕೂರಿಸಲಾಯಿತು.

ಕೆಲಸ ಕಳೆದುಕೊಂಡ ಲ್ವಾರ್‌ಗಳಲ್ಲಿ ಕೆಲವು ಯುದ್ಧ ಮುಗಿದ ಮೇಲೂ ಇಂಡೊಚೀನಾದಲ್ಲಿ ಹಾರುತ್ತಿದ್ದವು. ಜಪಾನೀಯರು ಬಿಟ್ಟುಹೋದ ಐಚಿ ತೇಲುವಿಮಾನಗಳೂ ಅದೇ ದಳದಲ್ಲಿದ್ದವು. ಓಡುದಾರಿಗಳಿಗಿಂತ ನದಿಗಳೇ ಹೆಚ್ಚಿದ್ದ ಆ ನಾಡಿನಲ್ಲಿ 1940ರ ದಶಕದ ಕೊನೆಯವರೆಗೂ ಅವುಗಳಿಗೆ ಕೆಲಸ ಸಿಕ್ಕಿತು.