ಮೇಣದ ಹೂವಿನ ಬಳ್ಳಿ ಗೊಡ್ಡಲ್ಲ

ಪಾಲಮಲೆಯ ಮೇಲಿನ ಊರುಗಳಿಂದಲೂ ತಪ್ಪಲಿನ ಊರುಗಳಿಂದಲೂ ಮೆಟ್ಟೂರು, ಸೇಲಂ, ಹೊಸೂರುಗಳ ಕಡೆಗೆ ಹೋಗಿಬರುವವರು ಸಂತೆಯ ಸಾಮಾನಿನೊಡನೆ ಒಂದೆರಡು ಹೂಕುಂಡಗಳನ್ನೂ ತರುವುದು ಈಚೆಗೆ ರೂಢಿಯಾಗಿದೆ. ಅವುಗಳಲ್ಲಿ ದಪ್ಪನೆಯ, ನುಣುಪಾದ ಎಲೆಗಳ ಬಳ್ಳಿಯೊಂದು ಇರುವುದುಂಟು. ಮಾರುವವರು ಅದನ್ನು ‘ಹೋಯಾ’ ಎನ್ನುತ್ತಾರೆ. ಇದರ ಹೂವು ಮೇಣದಲ್ಲಿ ಎರಕ ಹೊಯ್ದಂತೆ ಹೊಳೆಯುವುದರಿಂದ ನಾವು ಇದನ್ನು ಮೇಣದ ಹೂವಿನ ಬಳ್ಳಿ ಎಂದು ಕರೆಯಬಹುದು.

ಬಳ್ಳಿಯೇನೋ ಹಸುರಾಗಿ ಹಬ್ಬುತ್ತದೆ. ಆದರೆ ಒಂದು ವರ್ಷ ಕಳೆದರೂ ಹೂವಿಲ್ಲ, ಎರಡು ವರ್ಷ ಕಳೆದರೂ ಹೂವಿಲ್ಲ. ಕೊನೆಗೆ ಮನೆಯ ಹಿರಿಯರು ‘ಇದು ಗೊಡ್ಡು ಬಳ್ಳಿ’ ಎಂದು ತೀರ್ಪು ಕೊಡುತ್ತಾರೆ. ಬಳ್ಳಿ ತಿಪ್ಪೆ ಸೇರುತ್ತದೆ. ಹಣ ಕೊಟ್ಟು ತಂದದ್ದು, ಮನೆಯ ಹೆಣ್ಣುಮಕ್ಕಳು ಮಗುವಿನಂತೆ ನೋಡಿಕೊಂಡದ್ದು, ಹೀಗೆ ಹಾಳಾಗುವುದು ವ್ಯಸನದ ಸಂಗತಿ. ಅದರಲ್ಲಿಯೂ ಇನ್ನೊಂದು ಆರು ತಿಂಗಳಲ್ಲಿ ಹೂ ಬಿಡಬಹುದಾಗಿದ್ದ ಬಳ್ಳಿಗೆ ಈ ಗತಿ ಬರುವುದುಂಟು.

ಈ ಬಳ್ಳಿ ಗೊಡ್ಡಲ್ಲ. ರೈತರಾದ ನಾವು ಹೊಲದಲ್ಲಿ ಕಲಿತ ಪಾಠವನ್ನೇ ಇದಕ್ಕೂ ಹೇಳುತ್ತೇವೆ. ತೊಡಕು ಇರುವುದು ಅಲ್ಲಿ. ಹೆಚ್ಚು ನೀರು, ಹೆಚ್ಚು ಗೊಬ್ಬರ, ಅಗಲವಾದ ಪಾತಿ, ಹೂವು ಮುಗಿದ ಮೇಲೆ ಕತ್ತರಿ: ಇವು ಮಲ್ಲಿಗೆಗೆ ಹಿತ. ಮೇಣದ ಹೂವಿನ ಬಳ್ಳಿಗೆ ಇವೇ ಶತ್ರುಗಳು.

ಬಳ್ಳಿಯ ನಂಟರು

ಹೋಯಾ ಎಂಬ ಹೆಸರು ಇಂಗ್ಲೆಂಡಿನಲ್ಲಿ ತೋಟದ ಮೇಸ್ತ್ರಿಯಾಗಿದ್ದ ಥಾಮಸ್ ಹೋಯ್ ಎಂಬವನಿಂದ ಬಂದದ್ದು. ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನನು ೧೮೧೦ರಲ್ಲಿ ಈ ಕುಲಕ್ಕೆ ಆತನ ಹೆಸರನ್ನಿಟ್ಟನು. ದೊರೆಗಳ ಹೆಸರನ್ನಿಡುತ್ತಿದ್ದ ಕಾಲದಲ್ಲಿ ಮಣ್ಣು ಮುಟ್ಟಿ ದುಡಿದವನಿಗೆ ಸಂದ ಮರ್ಯಾದೆಯಿದು. ಈ ಕುಲದಲ್ಲಿ ಐನೂರಕ್ಕೂ ಮಿಗಿಲಾದ ಜಾತಿಗಳಿವೆ. ಹೆಚ್ಚಿನವು ಏಷ್ಯಾ ಖಂಡದ ಬಿಸಿನಾಡುಗಳವು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಕೆಲವು ಹುಟ್ಟಿ ಬೆಳೆಯುತ್ತವೆ. ಅವುಗಳಲ್ಲೊಂದಕ್ಕೆ ಹಿಂದಿನ ಮದ್ರಾಸು ಪ್ರಾಂತದಲ್ಲಿ ಸಸ್ಯಗಳನ್ನು ಶೋಧಿಸಿದ ರಾಬರ್ಟ್ ವೈಟನ ಹೆಸರಿದೆ. ಹೋಯಾ ವೈಟಿಯೈ ಎಂದು ೧೮೮೩ರಲ್ಲಿ ಹೆಸರಾಯಿತು.

ಎಲೆಯನ್ನು ಮುರಿದರೆ ಹಾಲು ಬರುತ್ತದೆ. ಅದರಿಂದಲೇ ಇದರ ನಂಟರು ಯಾರೆಂದು ಊಹಿಸಬಹುದು. ನಮ್ಮ ದಾರಿಬದಿಯ ಎಕ್ಕ, ಅಂಗಳದ ಕಣಗಿಲೆ, ನಿತ್ಯಪುಷ್ಪ, ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು, ಇವೆಲ್ಲ ಒಂದೇ ಕುಟುಂಬದವು. ಎಕ್ಕದ ಹೂವಿನ ನಡುವೆ ಕಿರೀಟವಿರುವುದನ್ನು ಮಕ್ಕಳೆಲ್ಲ ಕಂಡಿದ್ದಾರೆ. ಹೋಯಾ ಹೂವಿನಲ್ಲಿಯೂ ಅಂಥದೇ ಕಿರೀಟವು ನಕ್ಷತ್ರದ ಆಕಾರದಲ್ಲಿರುತ್ತದೆ. ಇಂಥ ಹತ್ತಿಪ್ಪತ್ತು ನಕ್ಷತ್ರಗಳು ಸೇರಿ ಒಂದು ಚೆಂಡಾಗುತ್ತವೆ. ರಾತ್ರಿಯ ಹೊತ್ತು ಪರಿಮಳ ಹೆಚ್ಚು. ಕತ್ತಲೆಯಲ್ಲಿ ಹಾರುವ ಪತಂಗಗಳನ್ನು ಕರೆಯುವ ಉಪಾಯವದು.

ಮರದ ಮೇಲಿನ ಬಾಳು

ಈ ಬಳ್ಳಿಯ ಗುಟ್ಟೆಲ್ಲ ಅದರ ವಾಸಸ್ಥಾನದಲ್ಲಿದೆ. ಕಾಡಿನಲ್ಲಿ ಇದು ಸಾಮಾನ್ಯವಾಗಿ ಮರದ ಮೇಲೆ ಇರುತ್ತದೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ತೊಗಟೆಯ ಬಿರುಕನ್ನು ಹಿಡಿದುಕೊಂಡು ತನ್ನ ಪಾಡಿಗೆ ತಾನು ಬಾಳುತ್ತದೆ. ಅಲ್ಲಿ ಬೇರಿಗೆ ದೊರೆಯುವುದು ಒಂದು ಹಿಡಿ ಎಲೆಗೊಬ್ಬರ ಮಾತ್ರ. ಮಳೆ ಬಂದರೆ ನೀರು ಹರಿದುಹೋಗುತ್ತದೆ, ಗಾಳಿ ಬೀಸಿದರೆ ಬೇರು ಒಣಗುತ್ತದೆ. ಬಿಸಿಲು ಮರದೆಲೆಗಳ ಸಂದಿನಿಂದ ಸೋಸಿ ಬೀಳುತ್ತದೆ.

ಆದುದರಿಂದ ಬಳ್ಳಿ ತನ್ನ ದಪ್ಪ ಎಲೆಯನ್ನೇ ನೀರಿನ ಗಡಿಗೆ ಮಾಡಿಕೊಂಡಿದೆ. ಕತ್ತಾಳೆ, ಅನಾನಸುಗಳಂತೆ ಇದರ ಹಲವು ಜಾತಿಗಳು ಹಗಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ ರಾತ್ರಿ ತೆರೆಯುತ್ತವೆ. ಹಗಲಿನ ಬಿಸಿಗೆ ನೀರು ಆವಿಯಾಗದಿರಲೆಂದು ಈ ಏರ್ಪಾಟು. ಇಂಥ ಮಿತವ್ಯಯದ ಗಿಡಕ್ಕೆ ದಿನವೂ ಚೊಂಬು ನೀರು ಸುರಿದರೆ ಬೇರು ಕೊಳೆಯದೆ ಇನ್ನೇನಾದೀತು?

ಕೊಳ್ಳುವಾಗ ಎಚ್ಚರ

ಹೃದಯದ ಆಕಾರದ ಒಂದೇ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುವುದುಂಟು. ಇದು ಹೋಯಾ ಕೆರಿಯೈ ಎಂಬ ಜಾತಿಯ ಎಲೆ. ನೋಡಲು ಅಂದವೇ. ಆದರೆ ಎಲೆಯೊಡನೆ ಕಾಂಡದ ಗಿಣ್ಣು ಇಲ್ಲದಿದ್ದರೆ ಅದು ಬೇರು ಬಿಟ್ಟು ವರ್ಷಗಟ್ಟಲೆ ಹಸುರಾಗಿ ನಿಲ್ಲುವುದೇ ಹೊರತು ಬಳ್ಳಿಯಾಗುವುದಿಲ್ಲ, ಹೂವಂತೂ ಬಿಡುವುದಿಲ್ಲ. ಹೂವಿನ ಆಸೆಯುಳ್ಳವರು ಕಡಮೆಯೆಂದರೆ ಎರಡು ಗಿಣ್ಣುಗಳಿರುವ, ಚಿಗುರು ಕಾಣುವ ಬಳ್ಳಿಯನ್ನೇ ಕೇಳಿ ಕೊಳ್ಳತಕ್ಕದ್ದು.

ಸಾವಿರ ಮೀಟರು ಮೇಲೇರಿದರೆ ಶಾಖ ಸುಮಾರು ೬ ಡಿಗ್ರಿ ಇಳಿಯುತ್ತದೆ. ಹೀಗಾಗಿ ಮಲೆಯ ಮೇಲಿನವರಿಗೂ ತಪ್ಪಲಿನವರಿಗೂ ಒಂದೇ ಜಾತಿ ಹೊಂದಲಾರದು. ಮೇಲಿನ ಊರುಗಳಿಗೆ ಹೋಯಾ ಕಾರ್ನೋಸಾ ಒಳ್ಳೆಯದು. ಅದಕ್ಕೆ ತಂಪು ಇಷ್ಟ. ಕೊಳತ್ತೂರು, ಮೆಟ್ಟೂರು, ಪೆನ್ನಾಗರಂ ಕಡೆಯ ಸೆಕೆಗೆ ಹೋಯಾ ಪ್ಯೂಬಿಕ್ಯಾಲಿಕ್ಸ್, ಹೋಯಾ ಆಸ್ಟ್ರಾಲಿಸ್, ಕಾಂಡಸಹಿತವಾದ ಹೋಯಾ ಕೆರಿಯೈ ಇವು ಹೆಚ್ಚು ತಾಳಿಕೊಳ್ಳುತ್ತವೆ.

ಕುಂಡ ಮತ್ತು ಮಣ್ಣು

ಹೊಲದ ಕೆಮ್ಮಣ್ಣಾಗಲಿ, ಕೆರೆಗೋಡಾಗಲಿ ಇದಕ್ಕೆ ಬೇಡ. ತೆಂಗಿನ ಸಿಪ್ಪೆಯ ಚೂರು ಒಂದು ಪಾಲು, ಇದ್ದಿಲು ಮತ್ತು ಇಟ್ಟಿಗೆಯ ಚೂರು ಸೇರಿ ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು ಬೆರೆಸಬೇಕು. ತೆಂಗಿನ ಚೂರುಗಳನ್ನು ಮೊದಲು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ಆ ಕೆಂಪು ನೀರನ್ನು ಚೆಲ್ಲಿ ತೊಳೆದುಕೊಳ್ಳಬೇಕು. ಏರ್ಕಾಡಿಗೆ ಹೋದವರು ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಆರ್ಕಿಡ್ ತೋಟವನ್ನು ನೋಡಿ ಬನ್ನಿ. ಆರ್ಕಿಡ್ಡುಗಳಲ್ಲಿ ಬಹಳಷ್ಟು ಮರದ ಮೇಲೆ ಬಾಳುವಂಥವೇ. ಅವುಗಳ ಬೇರಿಗೆ ಗಾಳಿ ಬೇಕಾದಂತೆ ಇದರ ಬೇರಿಗೂ ಬೇಕು.

ಕುಂಡವು ಮಣ್ಣಿನದಾಗಿರಲಿ, ಅಡಿಯಲ್ಲಿ ತೂತಿರಲಿ, ೪ ಅಥವಾ ೫ ಅಂಗುಲಕ್ಕಿಂತ ಅಗಲ ಬೇಡ. ಚಿಕ್ಕ ಸಸಿಗೆ ತೂತು ಮಾಡಿದ ತೆಂಗಿನ ಚಿಪ್ಪೇ ಸಾಕು. ದೊಡ್ಡ ಕುಂಡದಲ್ಲಿ ತೇವ ಬಹಳ ದಿನ ನಿಂತು ಬೇರು ಕೊಳೆಯುತ್ತದೆ. ಬೇರುಗಳು ಕುಂಡ ತುಂಬಿ ಇಕ್ಕಟ್ಟಾದರೂ ಬಳ್ಳಿಗೆ ಬೇಸರವಿಲ್ಲ. ಅಂಥ ಕುಂಡದಲ್ಲಿಯೇ ಹೂವು ಬರುವುದು ಹೆಚ್ಚು. ಎರಡು ಮೂರು ವರ್ಷಕ್ಕೊಮ್ಮೆ ಒಂದು ಅಂಗುಲ ದೊಡ್ಡದಾದ ಕುಂಡಕ್ಕೆ ಬದಲಾಯಿಸಿದರೆ ಸಾಕು.

ಬೆಳಕು

ಹೂವು ಬಾರದಿರುವುದಕ್ಕೆ ಮುಖ್ಯ ಕಾರಣ ಬೆಳಕಿನ ಕೊರತೆ. ಒಳಮನೆಯ ಮೂಲೆಯಲ್ಲಿಟ್ಟ ಬಳ್ಳಿ ಎಲೆ ಬಿಟ್ಟೀತು, ಹೂ ಬಿಡದು. ಪೂರ್ವದ ಜಗಲಿ ಉತ್ತಮವಾದ ಜಾಗ. ಬೆಳಗಿನ ಎರಡು ಮೂರು ಗಂಟೆಯ ಎಳೆ ಬಿಸಿಲು ಬೀಳಲಿ, ಆಮೇಲೆ ನೆರಳಿರಲಿ. ನಡುಹಗಲಿನ ಬಿಸಿಲು ತಪ್ಪಲಿನಲ್ಲಿ ಎಲೆಯನ್ನು ಸುಡುತ್ತದೆ.

ಬೆಳಕು ಸಾಕೋ ಸಾಲದೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಹಗಲು ಹನ್ನೆರಡರ ಹೊತ್ತಿಗೆ ಎಲೆಗಳ ಮೇಲೆ ಒಂದಡಿ ಎತ್ತರದಲ್ಲಿ ಕೈಚಾಚಿ ಹಿಡಿಯಿರಿ. ಕೈಯ ನೆರಳು ಬೆರಳುಗಳ ಗುರುತು ಸಿಕ್ಕುವಷ್ಟು ಬಿದ್ದರೆ ಬೆಳಕು ಸಾಕು. ನೆರಳೇ ಕಾಣದಿದ್ದರೆ ಕುಂಡವನ್ನು ಕಿಟಕಿಯ ಅಥವಾ ಜಗಲಿಯ ಕಡೆಗೆ ಸರಿಸಬೇಕು. ಇದನ್ನು ಶಾಲೆಯ ಮಕ್ಕಳಿಂದ ಮಾಡಿಸಬಹುದು. ಅವರಿಗೆ ಪಾಠವೂ ಆಯಿತು, ಮನೆಗೆ ಉಪಕಾರವೂ ಆಯಿತು.

ನೀರು ಮತ್ತು ಗೊಬ್ಬರ

ನೀರಿಗೆ ಗಡಿಯಾರವಾಗಲಿ ಪಂಚಾಂಗವಾಗಲಿ ಬೇಡ, ಎಲೆಯನ್ನೇ ಕೇಳಿ. ಬಲಿತ ಎಲೆಯೊಂದನ್ನು ಮೆಲ್ಲಗೆ ಬಾಗಿಸಿ ನೋಡಿದಾಗ ಗಟ್ಟಿಯಾಗಿದ್ದರೆ ನೀರು ಬೇಡ. ಮೆತ್ತಗೆ ಬಾಗಿದರೆ, ಕುಂಡವೂ ಎತ್ತಿದಾಗ ಹಗುರವಾಗಿದ್ದರೆ, ಅಡಿಯ ತೂತಿನಿಂದ ಹರಿಯುವಷ್ಟು ನೀರು ಹಾಕಿ. ಎಲೆ ಮೆತ್ತಗಿದ್ದು ಕುಂಡ ಮಾತ್ರ ಒದ್ದೆಯಾಗಿಯೇ ಇದ್ದರೆ ಬೇರು ಕೊಳೆತಿದೆಯೆಂದು ತಿಳಿಯಿರಿ. ಆಗ ನೀರು ಹಾಕದೆ, ಒಳ್ಳೆಯ ಕಡ್ಡಿಯನ್ನು ಕತ್ತರಿಸಿ ಹೊಸದಾಗಿ ನೆಡುವುದೇ ದಾರಿ.

ತಪ್ಪಲಿನ ಬೇಸಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ನೀರು ಬೇಕಾದೀತು. ಅಕ್ಟೋಬರ್, ನವೆಂಬರ್ ತಿಂಗಳ ಮಳೆಯಲ್ಲಿ ಕುಂಡವನ್ನು ಸೂರಿನ ಕೆಳಗಿಡಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಎರಡು ವಾರಕ್ಕೊಮ್ಮೆ ಹಾಕಿದರೆ ಸಾಕು. ಈ ಒಣ ವಿಶ್ರಾಂತಿಯ ಬಳಿಕ ಹಗಲು ಉದ್ದವಾಗುತ್ತ ಬಂದಂತೆ ಮೊಗ್ಗು ಹೊರಡುವುದುಂಟು. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅಂಥ ಕಡೆ ಮಳೆನೀರು ಹಿಡಿದಿಟ್ಟುಕೊಂಡು ಬಳಸುವುದು ಮೇಲು.

ಗೊಬ್ಬರದಲ್ಲಿಯೂ ಕೈ ಬಿಗಿಯಿರಲಿ. ಯೂರಿಯಾ ಬೇಡವೇ ಬೇಡ. ಸಾರಜನಕ ಹೆಚ್ಚಾದರೆ ಎಲೆಯ ಸೊಕ್ಕು ಬರುತ್ತದೆ, ಹೂವು ಹಿಂದೆ ಬೀಳುತ್ತದೆ. ಕಡಲೆಕಾಯಿ ಹಿಂಡಿಯನ್ನು ನೆನೆಸಿ ಹುಳಿಬರಿಸಿದ ತಿಳಿಗೆ ಹತ್ತರಷ್ಟು ನೀರು ಸೇರಿಸಿ, ಫೆಬ್ರವರಿಯಿಂದ ಸೆಪ್ಟೆಂಬರಿನ ವರೆಗೆ ತಿಂಗಳಿಗೊಮ್ಮೆ ಒಂದು ಲೋಟ ಕೊಡಿ. ಎರಡು ತಿಂಗಳಿಗೊಮ್ಮೆ ಒಂದು ಚಿಟಿಕೆ ಒಲೆಯ ಬೂದಿ ಉದುರಿಸಿದರೆ ಪೊಟ್ಯಾಷ್ ಸಿಕ್ಕುತ್ತದೆ. ಚಳಿಗಾಲದಲ್ಲಿ ಏನೂ ಬೇಡ.

ಕತ್ತರಿಯನ್ನು ದೂರವಿಡಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಬಳ್ಳಿಯು ಮೊದಲು ಎಲೆಯಿಲ್ಲದ ಉದ್ದನೆಯ ಕುಡಿಗಳನ್ನು ಚಾಚುತ್ತದೆ. ಬೋಳು ಕಡ್ಡಿಯೆಂದು ಇವನ್ನು ಚಿವುಟುವವರು ಬಹಳ. ಇವು ಹಿಡಿದುಕೊಳ್ಳಲು ಆಸರೆ ಹುಡುಕುವ ಕುಡಿಗಳು. ಎಲೆಯೂ ಹೂವೂ ಮುಂದೆ ಇವುಗಳ ಮೇಲೆಯೇ ಬರತಕ್ಕವು. ಬಿದಿರಿನ ಸೀಳನ್ನು ಬಳೆಯಂತೆ ಬಗ್ಗಿಸಿ ಕುಂಡದಲ್ಲಿ ನಿಲ್ಲಿಸಿ, ಕುಡಿಯನ್ನು ಅದಕ್ಕೆ ಸುತ್ತಿರಿ.

ಗಿಣ್ಣಿನ ಬಳಿ ಒಂದು ಗಿಡ್ಡ ಕಡ್ಡಿ ಹೊರಟು, ಅದರ ತುದಿಯಲ್ಲಿ ಮೊಗ್ಗಿನ ಗೊಂಚಲು ಕಟ್ಟುತ್ತದೆ. ಹೂವು ಒಂದೆರಡು ವಾರವಿದ್ದು ಉದುರುತ್ತದೆ. ಕಡ್ಡಿ ಮಾತ್ರ ಉಳಿಯುತ್ತದೆ. ಮಲ್ಲಿಗೆ, ಗುಲಾಬಿಗಳ ಅಭ್ಯಾಸವಿರುವ ಕೈ ಆಗ ತಾನಾಗಿಯೇ ಕತ್ತರಿಯ ಕಡೆಗೆ ಹೋಗುತ್ತದೆ. ದಯವಿಟ್ಟು ತಡೆಯಿರಿ! ಹೆಚ್ಚಿನ ಜಾತಿಗಳಲ್ಲಿ ಮರುವರ್ಷದ ಹೂವು ಅದೇ ಹಳೆಯ ಕಡ್ಡಿಯ ತುದಿಯಲ್ಲಿ ಬರುತ್ತದೆ. ಅದರ ಮರುವರ್ಷವೂ ಅಲ್ಲಿಯೇ. ಆ ಗಿಡ್ಡ ಕಡ್ಡಿಯನ್ನು ಕತ್ತರಿಸಿದವರು ಮುಂದಿನ ಹಲವು ವರ್ಷಗಳ ಹೂವನ್ನು ಒಂದೇ ಏಟಿಗೆ ಕತ್ತರಿಸಿದಂತೆ. ದೇವರಿಗೆ ಏರಿಸಬೇಕೆಂದಿದ್ದರೆ ಬಿಡಿ ಹೂಗಳನ್ನು ಮಾತ್ರ ಬಿಡಿಸಿಕೊಳ್ಳಿ.

ಮೊಗ್ಗು ಕಂಡ ಮೇಲೆ ಕುಂಡವನ್ನು ಅಲ್ಲಿಂದಿಲ್ಲಿಗೆ ಒಯ್ಯಬಾರದು. ಜಾಗ ಬದಲಾದರೂ, ಬೇರು ತೀರ ಒಣಗಿದರೂ, ತೀರ ನೆನೆದರೂ ಮೊಗ್ಗು ಉದುರುತ್ತದೆ. ಅರಳಿದ ಹೂವಿನಿಂದ ಜೇನಿನ ಹನಿ ತೊಟ್ಟಿಕ್ಕುವುದು ಸಹಜ, ಅದು ರೋಗವಲ್ಲ.

ಹುಳು ಮತ್ತು ಹಾಲು

ಎಲೆಯ ಕಂಕುಳಲ್ಲಿ ಬಿಳಿಯ ಹಿಟ್ಟಿನಂತೆ ಕಂಡರೆ ಅದು ಹಿಟ್ಟು ತಿಗಣೆ. ಎಕ್ಕದ ಮೇಲೆ ಮುತ್ತುವ ಹಳದಿ ಹೇನೂ ಇದಕ್ಕೆ ಬರುವುದುಂಟು. ಇರುವೆಗಳ ಸಾಲು ಕಂಡಾಗಲೇ ಎಚ್ಚರಗೊಳ್ಳಬೇಕು. ಒದ್ದೆ ಬಟ್ಟೆಯಿಂದ ಒರಸಿ, ಒಂದು ಲೀಟರು ನೀರಿಗೆ ೫ ಮಿಲಿಲೀಟರು ಬೇವಿನೆಣ್ಣೆ, ತುಸು ಸಾಬೂನು ಕಲಸಿ ಸಂಜೆಯ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಗಿಡದ ಹಾಲು ಕಣ್ಣಿಗೆ ಬೀಳದಂತೆ ನೋಡಿಕೊಂಡು, ಕೆಲಸವಾದ ಮೇಲೆ ಕೈ ತೊಳೆಯಬೇಕು.

ನೆರೆಮನೆಗೊಂದು ಕಡ್ಡಿ

ಎರಡು ಗಿಣ್ಣುಗಳುಳ್ಳ, ಬಲಿತ ಕಡ್ಡಿಯನ್ನು ಕತ್ತರಿಸಿ, ಹಾಲು ಆರುವ ವರೆಗೆ ನೆರಳಿನಲ್ಲಿಟ್ಟು, ಒಂದು ಗಿಣ್ಣು ಒಳಗಿರುವಂತೆ ನೆಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಇದಕ್ಕೆ ಒಳ್ಳೆಯ ಕಾಲ. ಹೂವಿನ ಹಳೆಯ ಕಡ್ಡಿಗಳಿಲ್ಲದ ಭಾಗವನ್ನೇ ಆರಿಸಿಕೊಳ್ಳಿ. ಊರಿನಲ್ಲಿ ಒಬ್ಬರ ಮನೆಯಲ್ಲಿ ಬಳ್ಳಿಯಿದ್ದರೆ ಹತ್ತು ಮನೆಗೆ ಹಂಚಬಹುದು. ಯಾರೂ ಪೇಟೆಗೆ ಹೋಗಿ ಹಣ ಕಳೆಯಬೇಕಾಗಿಲ್ಲ. ಮರದ ಮೇಲಿನ ಬಳ್ಳಿಗಳನ್ನು ಕಾಡಿನಿಂದ ಕಿತ್ತು ತರುವುದು ಮಾತ್ರ ಕೂಡದು. ಕಾಯಿದೆಗೂ ವಿರೋಧ, ತಂದದ್ದು ಬಾಳುವುದೂ ಅಪರೂಪ.

ಕಡ್ಡಿ ನೆಟ್ಟು ಹೂವು ಕಾಣಲು ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಮಾವು ನೆಟ್ಟು ಐದಾರು ವರ್ಷ ಕಾಯುವ ನಮಗೆ ಇದು ದೊಡ್ಡದಲ್ಲ. ನಿಮ್ಮ ಮನೆಯಲ್ಲಿ ಹೂ ಬಿಡದ ಬಳ್ಳಿಯಿದ್ದರೆ ಈ ವಾರವೇ ಅದನ್ನು ಬೆಳಗಿನ ಬಿಸಿಲಿನ ಜಗಲಿಗೆ ತಂದಿಡಿ, ನೀರಿನ ಚೊಂಬನ್ನು ತಗ್ಗಿಸಿ, ಕತ್ತರಿಯನ್ನು ಬೇರೆ ಗಿಡಕ್ಕೆ ಇಟ್ಟುಕೊಳ್ಳಿ. ತಿಪ್ಪೆಗೆ ಹಾಕುವ ಮಾತನ್ನು ಇನ್ನೆರಡು ಬೇಸಗೆ ಕಳೆಯುವ ವರೆಗೆ ಎತ್ತಬೇಡಿ.