ಬೆಳ್ಳಿತೆರೆಯ ಮೇಲೆ ನಮ್ಮ ಮಾತು

ಚಲನಚಿತ್ರವು ಜನಜೀವನದ ಕನ್ನಡಿಯೆಂದು ಬಲ್ಲವರು ಹೇಳುವುದುಂಟು. ಆದರೆ ಆ ಕನ್ನಡಿಯಲ್ಲಿ ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಆಡುಮಾತು ಕನ್ನಡ ಚಿತ್ರಗಳಲ್ಲಿ ಬಹುಮಟ್ಟಿಗೆ ನಗಿಸುವ ಪಾತ್ರಗಳ ಪಾಲಿಗೇ ಬಂದಿತು. ನಾಯಕನಾದವನು ಬೆಂಗಳೂರು, ಮೈಸೂರುಗಳ ಕನ್ನಡವನ್ನೇ ಆಡಿದನು.

ಇದಕ್ಕೆ ಮುಖ್ಯ ಕಾರಣ ಹಣ. ಹೆಸರಾಂತ ನಟರ ಚಿತ್ರಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕು. ಅದು ಮರಳಿ ಬರಬೇಕಾದರೆ ರೂಢಿಯ ಮುಖ, ರೂಢಿಯ ಮಾತೇ ಕ್ಷೇಮವೆಂದು ನಿರ್ಮಾಪಕರು ಎಣಿಸುತ್ತಾರೆ. ಈ ಹಂಗನ್ನು ತೊರೆದು ಅಲ್ಪ ಹಣದಲ್ಲಿ ತೆಗೆದುದೇ ಸ್ವತಂತ್ರ ಚಿತ್ರ.

ಕನ್ನಡದಲ್ಲಿ ಈ ದಾರಿಯನ್ನು 1970ರ ‘ಸಂಸ್ಕಾರ’ ತೆರೆಯಿತು. 1975ರಲ್ಲಿ ಬಿ. ವಿ. ಕಾರಂತರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆರೆಗೆ ತಂದಾಗ, ತುಂಡು ಭೂಮಿಗಾಗಿ ಹಂಬಲಿಸುವ ದಲಿತನೊಬ್ಬನು ಚಿತ್ರದ ನಾಯಕನಾದನು. ಚೋಮನಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದವರು ಎಂ. ವಿ. ವಾಸುದೇವರಾಯರು, ರಂಗಭೂಮಿಯ ನುರಿತ ನಟರು. ಕಥೆ ಚೋಮನಂಥವರದು, ತೆರೆಯ ಮೇಲೆ ನಿಂತವರು ಬೇರೆಯವರು.

ಕಥೆಯುಳ್ಳವರೇ ತೆರೆಗೆ ಬಂದುದನ್ನು ಈಚೆಗೆ ಕಂಡೆವು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಗರೇ ನಟಿಸಿದರು. 2015ರಲ್ಲಿ ಅದು ಸ್ವಿಟ್ಜರ್‌ಲಂಡಿನ ಲೊಕಾರ್ನೋ ಉತ್ಸವದಲ್ಲಿ ಪ್ರಶಸ್ತಿ ಗಳಿಸಿತು. 2022ರಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊರಿಯಾದ ಬುಸಾನ್ ಉತ್ಸವದಲ್ಲಿ ಗೆದ್ದಿತು. ಅದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಸರಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು, ಹಾಸಿಗೆ ಹಿಡಿದ ಗಂಡನ ಚಿಂತೆಯಲ್ಲಿ, ಶಕ್ತಿಯ ಪುಡಿ ಮಾರುವ ವ್ಯಾಪಾರಕ್ಕೆ ಸಿಲುಕುತ್ತಾಳೆ. ಜಪಾನಿನಲ್ಲಿಯೂ ಇಂಥದೇ ಪ್ರಯತ್ನ ನಡೆದಿದೆ. 2020ರ ‘ಐನು ಮೋಸಿರ್’ ಚಿತ್ರದಲ್ಲಿ ಹೊಕ್ಕೈಡೋ ದ್ವೀಪದ ಮೂಲನಿವಾಸಿಗಳಾದ ಐನು ಜನರ ಪಾತ್ರಗಳನ್ನು ಐನು ಜನರೇ ವಹಿಸಿದರು.

‘ಶಿವಮ್ಮ’ನನ್ನು ನಾನು ನೋಡಿದ್ದು ಗೆಳತಿಯೊಬ್ಬಳ ಮೊಬೈಲಿನಲ್ಲಿ. ನನ್ನ ತಾಯಿಯೂ ಶಾಲೆಯ ಅಡುಗೆಯವಳೇ. ಓದು ಬಾರದ ಆಕೆ ಒಲೆ ಮುಂದಿನ ಕೆಲಸ ಬಿಟ್ಟು ಬಂದು ಕುಳಿತು, “ಇಕೀನೂ ನಮ್ಮಂಗ ಮಾತಾಡ್ತಾಳಲ್ಲವಾ!” ಎಂದಳು. ಹಾಸ್ಟೇಲಿಗೆ ಬಂದ ಮೊದಲ ವರ್ಷ ಪಟ್ಟಣದ ಹುಡುಗಿಯರ ಮುಂದೆ ನನ್ನ ಮಾತನ್ನು ನಾನೇ ಮುಚ್ಚಿಟ್ಟುಕೊಂಡಿದ್ದೆ. ಅಂದು ಆ ನಾಚಿಕೆಗೆ ನಾನು ನಾಚಿದೆ.

ಆದರೆ ಇಂಥ ಚಿತ್ರಗಳು ಬುಸಾನನ್ನು ಮುಟ್ಟಿದಷ್ಟು ಸುಲಭವಾಗಿ ನಮ್ಮ ತಾಲೂಕುಗಳನ್ನು ಮುಟ್ಟುವುದಿಲ್ಲ. ಹೆಸರಾಂತ ನಟರಿಲ್ಲದ ಚಿತ್ರಕ್ಕೆ ಟಾಕೀಜು ಸಿಗುವುದು ಕಷ್ಟ. ಕಾಲೇಜುಗಳಲ್ಲಿ ತಿಂಗಳಿಗೊಂದು ಪ್ರದರ್ಶನ ನಡೆದರೂ ಈ ಕೊರತೆ ತುಸು ನೀಗೀತು.

ಇಂಡಿಯ ಲಿಂಬೆಯ ತೋಟ, ಗೋವೆಗೆ ದುಡಿಯಹೋಗುವ ಕುಟುಂಬ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರು: ಇವೆಲ್ಲ ಕಥೆಗಳಲ್ಲವೇ? ಇವನ್ನು ಹೊರಗಿನವರು ಬಂದು ಹೇಳಲೆಂದು ಕಾಯದೆ, ಸಹಪಾಠಿಗಳೇ, ನಮ್ಮಲ್ಲೇ ಯಾರಾದರೊಬ್ಬರು ಮುಂದಾಗಲಿ.